ವೇದಿಕೆ ಯಾರಪ್ಪನ ಮನೆಯದ್ದು?

ದೀಪಾವಳಿ ಕಳೆಯಿತೆಂದರೆ ನರಿಕೊಂಬಿನಿಂದ ಪಾಣೆಮಂಗಳೂರಿಗೆ, ಅಲ್ಲಿಂದ ನೇತ್ರಾವತಿ ದಾಟಿ ಬಿ.ಸಿ. ರೋಡಿಗೆ ಹೋಗುವ ದಾರಿಯಲ್ಲಿ ಒಂದು ಕಂಬಕ್ಕೂ ಮೈ ಕಾಣುವುದಿಲ್ಲ. ಎಲ್ಲಿ ನೋಡಿದರೂ ಫ್ಲೆಕ್ಸು. ಸೇವೆಯಾಟ, ನೇಮ, ಬ್ರಹ್ಮಕಲಶದ ಸಾಂಸ್ಕೃತಿಕ ಸಂಜೆ, ಕಂಬಳ, ಕಾಲೇಜಿನ ಉತ್ಸವ, ಯುವಕ ಮಂಡಲದ ತುಳು ನಾಟಕ. ದೊಡ್ಡ ಊರುಗಳಲ್ಲಿ ಸಂಗೀತ, ನೃತ್ಯ, ನಾಟಕಕ್ಕೆ ಟಿಕೆಟು ಹರಿದು ‘ಸೀಸನ್’ ನಡೆಸುತ್ತಾರಂತೆ. ನಮ್ಮ ಸೀಸನ್ನಿಗೆ ಟಿಕೆಟಿಲ್ಲ. ಅದು ದೀಪಾವಳಿಗೆ ಗೆಜ್ಜೆ ಕಟ್ಟುತ್ತದೆ, ಮೇ ತಿಂಗಳ ಕೊನೆಯ ವಾರದ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತದೆ. ಆರು ತಿಂಗಳಿಗೂ ಮೀರಿ, ಹೆಚ್ಚುಕಡಿಮೆ ದಿನಾ ರಾತ್ರಿ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಯಾವುದಾದರೂ ಒಂದು ಗದ್ದೆಯಲ್ಲಿ ದೀಪ ಉರಿಯುತ್ತಲೇ ಇರುತ್ತದೆ. ಕಲೆಗೆ ಇಷ್ಟು ರಾತ್ರಿಗಳನ್ನು ಕೊಡುವ ಸೀಮೆ ನಾಡಿನಲ್ಲಿ ಇನ್ನೊಂದಿರಲಿಕ್ಕಿಲ್ಲ. ಹೆಮ್ಮೆ ನನಗೂ ಇದೆ. ಸಿಟ್ಟು ಬರುವುದೂ ಆ ಹೆಮ್ಮೆಯಿಂದಲೇ.

ಒಂದು ಆಮಂತ್ರಣ ಪತ್ರಿಕೆ ಬಿಡಿಸಿ ನೋಡಿ. ಗೌರವಾಧ್ಯಕ್ಷರು, ಅಧ್ಯಕ್ಷರು, ಕಾರ್ಯಾಧ್ಯಕ್ಷರು, ಉದ್ಘಾಟಕರು, ದೀಪ ಬೆಳಗಿಸುವವರು, ಆಶೀರ್ವಚನ ನೀಡುವವರು, ಮುಂಬೈಯ ಉದ್ಯಮಿಗಳು, ಬ್ಯಾಂಕಿನವರು, ಗುತ್ತಿನವರು. ಇಷ್ಟೆಲ್ಲ ಮುಗಿದು ಕಾಗದದಲ್ಲಿ ಜಾಗ ಉಳಿದರೆ, ಕೆಳಗಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಕಲಾವಿದರು. ಡೋಲು ಬಡಿಯುವವನ ಹೆಸರು ಆ ಮೂಲೆಯಲ್ಲೂ ಇರುವುದಿಲ್ಲ. ಚಪ್ಪರ ಹಾಕಿದವನದ್ದಂತೂ ಕೇಳಲೇಬೇಡಿ. ಸಭಾ ಕಾರ್ಯಕ್ರಮ ಎರಡು ಗಂಟೆ, ಸನ್ಮಾನ ಒಂದು ಗಂಟೆ. ಆಮೇಲೆ ಗಡಿಯಾರ ನೋಡಿ ಭಾಗವತರಿಗೆ ಹೇಳುವುದು: ‘ಸ್ವಲ್ಪ ಬೇಗ ಮುಗಿಸಿ, ಮೈಕಿನ ಸಮಯ ಆಯಿತು.’

ನಾನು ಕೇಳುವುದು ಒಂದೇ. ಈ ವೇದಿಕೆಗಳು ಯಾರವು?

ಬಹುಪಾಲು ದೇವಸ್ಥಾನದವು, ದೈವಸ್ಥಾನದವು, ಟ್ರಸ್ಟಿನವು, ಖಾಸಗಿ ವಿದ್ಯಾಸಂಸ್ಥೆಯವು, ಜಾತಿ ಸಂಘದವು. ಬಂಟರ ಭವನ, ಬಿಲ್ಲವರ ಭವನ, ಬ್ರಾಹ್ಮಣರ ಸಭಾಭವನ, ಚರ್ಚಿನ ಹಾಲು. ಮೂಡುಬಿದಿರೆಯ ಆಳ್ವಾಸ್ ವಿರಾಸತ್ ಮೂರು ದಶಕಗಳಿಂದ ದೇಶದ ದೊಡ್ಡ ದೊಡ್ಡ ಗಾಯಕರನ್ನು, ನರ್ತಕರನ್ನು ಕರೆತಂದು ಸಾವಿರಾರು ಜನರಿಗೆ ಪುಕ್ಕಟೆಯಾಗಿ ಕೇಳಿಸಿದೆ, ತೋರಿಸಿದೆ. ಹೇಳಿದ ಗಂಟೆಗೆ ಶುರುವಾಗುತ್ತದೆ, ಕೊನೆಯ ಸಾಲಿನವನಿಗೂ ಕುರ್ಚಿ ಇರುತ್ತದೆ. ಸರ್ಕಾರಿ ಉತ್ಸವಗಳು ಇಷ್ಟನ್ನಾದರೂ ಅಲ್ಲಿಂದ ಕಲಿಯಲಿ. ಆದರೆ ಅಲ್ಲಿ ನಾವು ಅತಿಥಿಗಳು. ಅತಿಥಿ ಊಟ ಮಾಡಿ ಕೈ ಮುಗಿಯಬಹುದು, ಅಡುಗೆ ಏನಾಗಬೇಕೆಂದು ಹೇಳುವಂತಿಲ್ಲ. ಯಾರು ಹತ್ತಬೇಕು, ಯಾರು ಹತ್ತಬಾರದು, ಯಾವ ಪ್ರಸಂಗ, ಯಾವ ಮಾತು ಎಂಬುದನ್ನೆಲ್ಲ ತೀರ್ಮಾನಿಸುವವನು ವೇದಿಕೆಯ ಯಜಮಾನ. ನಮ್ಮ ಸೀಸನ್ನು ಹೀಗೆ ಪೂರ್ತಿ ಯಜಮಾನರ ಕೃಪೆಯಲ್ಲಿ ನಡೆಯುತ್ತದೆ.

ನೇಮದ ರಾತ್ರಿ ಜನರೇಟರಿನ ಹಿಂದೆ ಹೋಗಿ ನಿಂತರೆ ಇದು ಸರಿಯಾಗಿ ಕಾಣುತ್ತದೆ. ತೆಂಗಿನ ಮಡಲಿನ ಮರೆಯಲ್ಲಿ ಚಾಪೆ ಹಾಸಿದೆ. ಎಣ್ಣೆ ಬೂಳ್ಯ ಪಡೆದು ಬಂದ ಪಂಬದನೋ ಪರವನೋ ನಲಿಕೆಯವನೋ ಅಂಗಾತ ಮಲಗಿ ಮುಖಕ್ಕೆ ಅರದಳ ಬಳಿಸಿಕೊಳ್ಳುತ್ತಿದ್ದಾನೆ. ಒಬ್ಬ ಹುಡುಗ ತಿರಿಗಳನ್ನು ಸೀಳಿ ಸಿರಿ ಕಟ್ಟುತ್ತಿದ್ದಾನೆ. ಪಕ್ಕದಲ್ಲಿ ತಾಯಿಯೋ ಹೆಂಡತಿಯೋ ತೆಂಬರೆ ಬಡಿದು ಪಾಡ್ದನ ಹೇಳುತ್ತಾಳೆ. ದೈವ ಎಲ್ಲಿ ಹುಟ್ಟಿತು, ಯಾವ ಗಟ್ಟ ಇಳಿಯಿತು, ಯಾರ ಮನೆಯಲ್ಲಿ ನೆಲೆ ಕೇಳಿತು, ಎಲ್ಲ ಅವಳ ನಾಲಗೆಯ ಮೇಲಿದೆ. ನೇಮ ನಿಂತಿರುವುದೇ ಆ ಕಥೆಯ ಮೇಲೆ. ಮೈಕು ಮಾತ್ರ ಅವಳ ಹತ್ತಿರ ಬರುವುದಿಲ್ಲ. ಅದು ದಾನಿಗಳ ಪಟ್ಟಿ ಓದುವವನ ಕೈಯಲ್ಲಿದೆ. ಅಣಿ ಏರಿ, ಗಗ್ಗರ ಕಟ್ಟಿ, ದೈವ ನುಡಿ ಕೊಡುವಾಗ ಗುತ್ತಿನ ಯಜಮಾನ ಕೈಕಟ್ಟಿ ನಿಲ್ಲುತ್ತಾನೆ. ಬೆಳಗ್ಗೆ ಅಣಿ ಇಳಿದ ಮೇಲೆ ಅದೇ ಮನುಷ್ಯ ಅದೇ ಮನೆಯ ಅಂಗಳದ ಯಾವ ಗೆರೆಯ ತನಕ ಬರಬಹುದು ಎಂಬುದನ್ನು ನಿಮ್ಮ ನಿಮ್ಮ ಊರಲ್ಲಿ ನೀವೇ ನೋಡಿಕೊಳ್ಳಿ.

‘ಅದು ಕಲೆಯಲ್ಲ ಮಾರಾಯ್ರೆ, ಆರಾಧನೆ’ ಎನ್ನುತ್ತಾರೆ. ಒಪ್ಪಿದೆ. ಆದರೆ ಸಂಭಾವನೆ ಕೇಳಿದಾಗ ಮಾತ್ರ ಅದು ಆರಾಧನೆ, ಮೆರವಣಿಗೆಯ ಟ್ಯಾಬ್ಲೋಕ್ಕೆ ಬೇಕಾದಾಗ ಕಲೆ, ಸಿನಿಮಾಕ್ಕೆ ಬೇಕಾದಾಗ ಕಥಾವಸ್ತು ಆಗುವುದು ಹೇಗೆ? 2022ರಲ್ಲಿ ‘ಕಾಂತಾರ’ ಬಂತು, ನೂರಾರು ಕೋಟಿ ಬಾಚಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರಕ್ಕೆ ಒಮ್ಮೆಲೇ ಜ್ಞಾನೋದಯವಾಗಿ, 60 ದಾಟಿದ ದೈವನರ್ತಕರಿಗೆ ತಿಂಗಳಿಗೆ 2000 ರೂಪಾಯಿ ಮಾಸಾಶನ ಎಂದು ಘೋಷಿಸಿತು. ಹರೆಯವಿಡೀ ಕೆಂಡದ ಮುಂದೆ ಕುಣಿದವನು ಸಿನಿಮಾ ಗೆಲ್ಲುವ ತನಕ ಸರ್ಕಾರದ ಕಣ್ಣಿಗೆ ಬೀಳಲಿಲ್ಲ.

ಇನ್ನು ಡೋಲು. ಕೊರಗರ ಡೋಲಿಲ್ಲದೆ ನಮ್ಮಲ್ಲಿ ಜಾನಪದ ಮೆರವಣಿಗೆ ಹೊರಡುವುದಿಲ್ಲ. ಮಂತ್ರಿ ಬಂದರೆ ಡೋಲು, ಸಮ್ಮೇಳನಾಧ್ಯಕ್ಷರು ಬಂದರೆ ಡೋಲು. ಇದೇ ಡೋಲನ್ನು ಕೂಲಿಯಿಲ್ಲದೆ, ಬೇಡವೆನ್ನುವ ಹಕ್ಕಿಲ್ಲದೆ ಬಡಿಸಿಕೊಂಡ ಪದ್ಧತಿಗೆ ಅಜಲು ಎಂದು ಹೆಸರು. ಕಂಬಳದ ಹಿಂದಿನ ರಾತ್ರಿ ಮಂಜಿನಲ್ಲಿ ಕೂರಿಸಿ ಡೋಲು ಬಡಿಸಿದ್ದು, ಕೋಣಗಳಿಗಿಂತ ಮೊದಲು ಮನುಷ್ಯರನ್ನು ಕೆಸರಿಗೆ ಓಡಿಸಿದ್ದು, ಕೂದಲು ಉಗುರು ಕಲಸಿದ ಅನ್ನ ತಿನ್ನಿಸಿದ್ದು, ಎಲ್ಲವೂ ಸಂಪ್ರದಾಯದ ಹೆಸರಿನಲ್ಲಿ. ಇದು ಅಪರಾಧ ಎಂದು ಬರೆದಿಡಲು ಈ ರಾಜ್ಯಕ್ಕೆ 2000ನೇ ಇಸವಿಯ ಅಜಲು ನಿಷೇಧ ಕಾಯ್ದೆಯ ತನಕ ಕಾಯಬೇಕಾಯಿತು. ಸ್ವಾತಂತ್ರ್ಯ ಬಂದು 53 ವರ್ಷ!

ಕೋಣಗಳ ಕಥೆ ಬೇರೆ. 2014ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಕಂಬಳಕ್ಕೆ ಕುತ್ತು ಬಂತು. ಕರಾವಳಿ ಎದ್ದು ನಿಂತಿತು. ಪಕ್ಷಭೇದ ಇಲ್ಲ, ಜಾತಿಭೇದ ಇಲ್ಲ, ಎಲ್ಲರೂ ಬೀದಿಗೆ ಬಂದರು. 2017ರಲ್ಲಿ ವಿಧಾನಸಭೆ ಕಾಯ್ದೆಯನ್ನೇ ತಿದ್ದಿತು, 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೂ ಒಪ್ಪಿತು. ಸಂತೋಷ. ಮೂಡುಬಿದಿರೆಯ ಕಡಲಕೆರೆಯಲ್ಲಿ, ವೇಣೂರಿನಲ್ಲಿ, ಹೊಕ್ಕಾಡಿಗೋಳಿಯಲ್ಲಿ ಕೋಣಗಳು ಓಡಲಿ. ಆದರೆ ಕೊರಗ ಕುಟುಂಬಕ್ಕೆ ತಲಾ ಎರಡೂವರೆ ಎಕರೆ ಭೂಮಿ ಕೊಡಿ ಎಂದು ಮಹಮ್ಮದ್ ಪೀರ್ ವರದಿ ಹೇಳಿ ಎಷ್ಟು ಕಾಲವಾಯಿತು? ಕೊರಗರು ಇವತ್ತಿಗೂ ಕಚೇರಿಗಳ ಮುಂದೆ ಕುಳಿತು ಕೇಳುತ್ತಿದ್ದಾರೆ. ಅದಕ್ಕೆ ಕರಾವಳಿ ಒಮ್ಮೆಯೂ ಹಾಗೆ ಎದ್ದು ನಿಲ್ಲಲಿಲ್ಲ.

ಬೆಳ್ತಂಗಡಿಯ ಮಾಚಾರಿನ ಗೋಪಾಲ ನಾಯ್ಕರ ಹೆಸರು ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? 1990ರ ಡಿಸೆಂಬರ್‌ನಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡರ ಜೊತೆಗೂಡಿ ಅವರ ಬಾಯಿಂದ ಸಿರಿ ಮಹಾಕಾವ್ಯ ದಾಖಲಿಸಿಕೊಂಡರು. 15,683 ಸಾಲು. 1998ರಲ್ಲಿ ಅದು ಹೆಲ್ಸಿಂಕಿಯಿಂದ ಪುಸ್ತಕವಾಗಿ ಬಂತು. ಲೋಕದ ವಿದ್ವಾಂಸರು ಈ ರೈತನ ನೆನಪಿನ ಶಕ್ತಿಗೆ ತಲೆದೂಗಿದರು. ನಮ್ಮ ಸೀಸನ್ನಿನ ವೇದಿಕೆಗಳಲ್ಲಿ ಸಿರಿ ಎಂದರೆ ಏಳು ನಿಮಿಷದ ನೃತ್ಯರೂಪಕ, ಧ್ವನಿಮುದ್ರಿತ ಸಂಗೀತ, ಬಾಡಿಗೆಯ ಸೀರೆ.

ಆಟಿಯ ಕಥೆಯೂ ಇದೇ. ಆಟಿ ತುಳುನಾಡಿನ ಬಡವರಿಗೆ ಹಸಿವಿನ ತಿಂಗಳು. ತಜಂಕು, ಕೆಸುವಿನ ಎಲೆ ಕಿತ್ತು ತಿಂದು ದಿನ ದೂಡಿದ ತಿಂಗಳು. ನಲಿಕೆಯವರು ಆಟಿ ಕಳಂಜನ ವೇಷ ಹಾಕಿ ಮನೆಮನೆ ತಿರುಗಿದ್ದು ಒಂದು ಹಿಡಿ ಭತ್ತಕ್ಕೆ. ಈಗ ಎ.ಸಿ. ಹಾಲಿನಲ್ಲಿ ‘ಆಟಿಡೊಂಜಿ ದಿನ’ದ ಬಫೆ. ಕಳಂಜನ ವೇಷ ಸಮಿತಿ ಕಾರ್ಯದರ್ಶಿಯ ಮಗನಿಗೆ. ನಲಿಕೆಯವನಿಗೆ ಆಮಂತ್ರಣ ಕೊಡುವುದು ಮರೆತುಹೋಯಿತಂತೆ!

ಯಕ್ಷಗಾನದ ಬಗ್ಗೆ ಮಾತೆತ್ತಿದರೆ ನಮ್ಮವರಿಗೆ ಕೋಪ ಬರುತ್ತದೆ. ಬರಲಿ. ಕ್ಷೇತ್ರದ ಮೇಳಗಳಿಗೆ ಹರಕೆಯಾಟ ಸಿಗಬೇಕಾದರೆ ವರ್ಷಗಟ್ಟಲೆ ಕಾಯಬೇಕು. ಆ ಹರಕೆ ಹೊತ್ತವರಲ್ಲಿ ಬೀಡಿ ಕಟ್ಟಿ ಒಂದೊಂದು ರೂಪಾಯಿ ಕೂಡಿಟ್ಟ ಹೆಂಗಸರಿದ್ದಾರೆ. ಅವಳ ದುಡ್ಡು ಮೇಳಕ್ಕೆ ಮೈಲಿಗೆಯಲ್ಲ, ಅವಳು ಮೇಳದಲ್ಲಿ ವೇಷ ಕಟ್ಟುವಂತಿಲ್ಲ. ಲೀಲಾವತಿ ಬೈಪಾಡಿತ್ತಾಯರು ತೆಂಕುತಿಟ್ಟಿನ ಮೊದಲ ವೃತ್ತಿಪರ ಮಹಿಳಾ ಭಾಗವತರಾಗಿ ಗಂಡಸರ ಮೇಳಗಳಲ್ಲಿ ರಾತ್ರಿಯಿಡೀ ಪದ ಹೇಳಿ ತೋರಿಸಿಕೊಟ್ಟರು. 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡಾಗ ಶ್ರದ್ಧಾಂಜಲಿ ಸಭೆಗಳಿಗೆ ಬರವಿರಲಿಲ್ಲ. ಅವರು ತೆರೆದ ಬಾಗಿಲನ್ನು ಕ್ಷೇತ್ರದ ಮೇಳಗಳು ತೆರೆದಿಟ್ಟುಕೊಂಡವೇ? ನಿಮ್ಮೂರಿಗೆ ಮುಂದಿನ ಸಲ ಮೇಳ ಬಂದಾಗ ಚೌಕಿಗೆ ಹೋಗಿ. ಸಾಲಾಗಿ ಕುಳಿತು ಬಣ್ಣ ಹಚ್ಚುವವರಲ್ಲಿ ಹೆಂಗಸರೆಷ್ಟು, ಪರಿಶಿಷ್ಟ ಜಾತಿಯವರೆಷ್ಟು, ನೀವೇ ಎಣಿಸಿ. ಎಣಿಸಲು ಕೈಬೆರಳು ಬೇಕಾದರೆ ನನಗೆ ತಿಳಿಸಿ.

ಚೌಕಿಯೊಳಗಿನವರ ಪಾಡಾದರೂ ಚೆನ್ನಾಗಿದೆಯೇ? ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವಿಡೀ ಸಂಬಳವಿಲ್ಲ. ದೇವೇಂದ್ರನಾಗಿ ಸಿಂಹಾಸನ ಏರಿದವರು ಚಿಕ್ಕಮೇಳ ಕಟ್ಟಿಕೊಂಡು ಸುರಿಯುವ ಮಳೆಯಲ್ಲಿ ಮನೆಮನೆಯ ಜಗಲಿ ಹತ್ತುತ್ತಾರೆ. ಹತ್ತು ಹದಿನೈದು ನಿಮಿಷದ ಪ್ರಸಂಗ, ಒಂದು ತಟ್ಟೆ ಅಕ್ಕಿ, ತೆಂಗಿನಕಾಯಿ, ಕೈಲಾದಷ್ಟು ದುಡ್ಡು. ನಮ್ಮೆಲ್ಲರನ್ನೂ ಹೊಟ್ಟೆ ಹಿಡಿದು ನಗಿಸಿದ ಹಾಸ್ಯಗಾರ ಬಂಟ್ವಾಳ ಜಯರಾಮ ಆಚಾರ್ಯರು 2024ರ ಅಕ್ಟೋಬರ್‌ನಲ್ಲಿ ಆಟಕ್ಕೆಂದು ಬೆಂಗಳೂರಿಗೆ ಹೋದಲ್ಲೇ ಹೃದಯಾಘಾತದಿಂದ ತೀರಿಕೊಂಡರು. ವೇಷಧಾರಿಗೆ ನಿವೃತ್ತಿ ಎಂಬುದಿಲ್ಲ, ದೇಹ ಬೀಳುವ ತನಕ ತಿರುಗಾಟ.

ಜಾತ್ರೆಯ ಇನ್ನೊಂದು ಮುಖ ಹೇಳದೆ ಬಿಟ್ಟರೆ ತಪ್ಪಾದೀತು. ಬಪ್ಪನಾಡಿನ ದುರ್ಗೆಗೆ ಗುಡಿ ಕಟ್ಟಿಸಿದವನು ಬಪ್ಪ ಬ್ಯಾರಿ ಎಂದು ಐತಿಹ್ಯ. ಆ ಕಥೆಯ ಯಕ್ಷಗಾನ ಪ್ರಸಂಗದಲ್ಲಿ ಬಪ್ಪ ರಂಗಕ್ಕೆ ಬಂದರೆ ಇವತ್ತಿಗೂ ಶಿಳ್ಳೆ, ಚಪ್ಪಾಳೆ. 2022ರ ಮಾರ್ಚ್‌ನಲ್ಲಿ ಅದೇ ಬಪ್ಪನಾಡಿನ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗವಿಲ್ಲವೆಂದು ಬ್ಯಾನರ್ ಬಿತ್ತು. ವೇಷದ ಬ್ಯಾರಿ ಬೇಕು, ಬಳೆ ಮಾರುವ ಬ್ಯಾರಿ ಬೇಡ.

ಈ ಮಣ್ಣಿನಲ್ಲಿ ವೇದಿಕೆಯ ಪ್ರಶ್ನೆ ಇವತ್ತಿನದಲ್ಲ. 1979ರಲ್ಲಿ ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ 51ನೇ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು, ಗೋಪಾಲಕೃಷ್ಣ ಅಡಿಗರು ಅಧ್ಯಕ್ಷರು. ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಕೊಡಿ ಎಂದು ಚೆನ್ನಣ್ಣ ವಾಲೀಕಾರ ಕೇಳಿದರು. ಒಂದು ಗೋಷ್ಠಿ, ಅಷ್ಟೆ. ಪರಿಷತ್ತು ಕೊಡಲಿಲ್ಲ. ಆ ಸಿಟ್ಟಿಗೆ ಅದೇ ವರ್ಷದ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ಸೇರಿತು. ನಾವು ಬಂಡಾಯದವರು ಹುಟ್ಟಿದ್ದೇ ಧರ್ಮಸ್ಥಳದ ವೇದಿಕೆಯಲ್ಲಿ ಜಾಗ ಸಿಗದೆ! 34 ವರ್ಷ ಕಳೆದು, 2013ರ ಡಿಸೆಂಬರ್‌ನಲ್ಲಿ, ಮೂಡುಬಿದಿರೆಯಲ್ಲಿ ವಿಶ್ವ ನುಡಿಸಿರಿ ವಿರಾಸತ್ತಿನ ವೈಭವ ನಡೆಯುವುದಕ್ಕೆ ಕೆಲವು ದಿನ ಮೊದಲು ಮಂಗಳೂರಿನ ನಂತೂರಿನಲ್ಲಿ ‘ಜನನುಡಿ’ ಸಮಾವೇಶ ಸೇರಿದ್ದೂ ಇದೇ ಪ್ರಶ್ನೆ ಹಿಡಿದು. ಅಲ್ಲಿ ರೇಷ್ಮೆ ಶಾಲು ಇರಲಿಲ್ಲ, ಪ್ರಶ್ನೆ ಕೇಳಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಯಜಮಾನರ ಮೇಲೆ ಮಾತ್ರ ಸಿಟ್ಟಾಗಿ ಫಲವಿಲ್ಲ. ತಮ್ಮ ದುಡ್ಡಿನಲ್ಲಿ ಅವರು ತಮಗೆ ಬೇಕಾದ್ದು ಮಾಡುತ್ತಾರೆ. ನನ್ನ ದೊಡ್ಡ ಸಿಟ್ಟು ಸರ್ಕಾರದ ಮೇಲೆ. ಬಿ.ವಿ. ಕಾರಂತರು ಹುಟ್ಟಿದ್ದು ಇದೇ ಬಂಟ್ವಾಳ ತಾಲೂಕಿನ ಮಂಚಿಯಲ್ಲಿ, 1929ರಲ್ಲಿ. ಊರು ಬಿಟ್ಟು ಓಡಿಹೋಗಿ ಗುಬ್ಬಿ ಕಂಪನಿ ಸೇರಿದ ಹುಡುಗ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕನಾದ, ಭೋಪಾಲದಲ್ಲಿ ರಂಗಮಂಡಲ ಕಟ್ಟಿದ, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದ. ಆಮೇಲೆ ಧಾರವಾಡ, ಶಿವಮೊಗ್ಗ, ಕಲಬುರಗಿಗೆ ರಂಗಾಯಣ ಬಂತು, ಕಾರ್ಕಳಕ್ಕೆ ಯಕ್ಷ ರಂಗಾಯಣ ಬಂತು. ಕಾರಂತರ ಜಿಲ್ಲೆಗೆ ಬರಲಿಲ್ಲ. ಮಂಗಳೂರಿಗೊಂದು ಜಿಲ್ಲಾ ರಂಗಮಂದಿರ ಬೇಕೆಂದು ರಂಗಕರ್ಮಿಗಳು ದಶಕಗಳಿಂದ ಬೊಬ್ಬೆ ಹೊಡೆಯುತ್ತಿದ್ದಾರೆ. ಅತ್ತ ಹೆಗ್ಗೋಡೆಂಬ ಹಳ್ಳಿ 1949ರಲ್ಲೇ ನೀನಾಸಂ ಕಟ್ಟಿಕೊಂಡು, ಆಮೇಲೆ ರಂಗಮಂದಿರ, ರಂಗಶಾಲೆ, ತಿರುಗಾಟ ಎಲ್ಲವನ್ನೂ ಮಾಡಿ ತೋರಿಸಿತು. ಅವರಿಗೆ ಸಾಧ್ಯವಾದದ್ದು ಇಷ್ಟು ಕಲಾವಿದರನ್ನು ಹೆತ್ತ ನಮಗೆ ಅಸಾಧ್ಯವೇ?

ಕೇಳುತ್ತಿರುವುದು ಅರಮನೆಯಲ್ಲ. ತಾಲೂಕಿಗೊಂದು ಸರ್ಕಾರಿ ರಂಗಮಂದಿರ, ಬಡ ತಂಡಕ್ಕೆ ಕೈಗೆಟಕುವ ಬಾಡಿಗೆ, ಗ್ರಾಮ ಪಂಚಾಯತಿಗೊಂದು ಬಯಲು ವೇದಿಕೆ. ಅದರ ಮೆಟ್ಟಿಲು ಹತ್ತಲು ಜಾತಿ ಬೇಡ, ಕುಲದೈವ ಬೇಡ, ದಾನಿಯ ಶಿಫಾರಸು ಬೇಡ. ಕೊರಗರ ಡೋಲು ಅಲ್ಲಿ ಮೆರವಣಿಗೆಯ ಮುಂದೆ ನಡೆಯುವ ಕೂಲಿಯಾಗಿ ಅಲ್ಲ, ಒಂದು ಗಂಟೆಯ ಕಛೇರಿಯಾಗಿ, ಬಾರಿಸುವವರ ಹೆಸರು ಹೇಳಿ, ಒಪ್ಪಿದ ಸಂಭಾವನೆ ಕೊಟ್ಟು ನಡೆಯಬೇಕು. ಪಾಡ್ದನದ ಹೆಂಗಸಿಗೆ ಕುರ್ಚಿ, ಮೈಕು ಎರಡೂ ಸಿಗಬೇಕು. ಪತ್ತನಾಜೆಯಿಂದ ದೀಪಾವಳಿಯ ತನಕದ ತಿಂಗಳುಗಳಿಗೆ ಕಲಾವಿದರಿಗೆ ಮಳೆಗಾಲದ ಭತ್ಯೆ ಬರಬೇಕು. ಸಮುದ್ರಕ್ಕಿಳಿಯುವ ಮೀನುಗಾರರಿಗೆ ಮಳೆಗಾಲದ ರಜೆಯ ನೆರವಿನ ಯೋಜನೆ ಇರುವಾಗ ರಂಗಕ್ಕಿಳಿಯುವವರಿಗೆ ಯಾಕಿಲ್ಲ?

ಸರ್ಕಾರ ಕೇಳಿಸಿಕೊಳ್ಳುವ ತನಕ ನೀವು ಮಾಡಬಹುದಾದ ಒಂದು ಕೆಲಸವಿದೆ. ನಿಮ್ಮೂರಿನ ಉತ್ಸವ ಸಮಿತಿಯ ಮಹಾಸಭೆ ಬರುತ್ತದೆ, ಲೆಕ್ಕಪತ್ರ ಓದುತ್ತಾರೆ. ಎದ್ದು ನಿಂತು ಕೇಳಿ: ಶಾಮಿಯಾನಕ್ಕೆ ಎಷ್ಟು, ಸುಡುಮದ್ದಿಗೆ ಎಷ್ಟು, ಅತಿಥಿಗಳ ಶಾಲು ಹಾರಕ್ಕೆ ಎಷ್ಟು, ಡೋಲಿನವರಿಗೆ ಎಷ್ಟು? ನಾಲ್ಕನೆಯ ಅಂಕಿ ಓದುವಾಗ ಖಜಾಂಚಿಯ ಸ್ವರ ತಗ್ಗಿದರೆ, ಗಟ್ಟಿಯಾಗಿ ಓದಲು ಹೇಳಿ.