ಅಂಗಿ ನಮ್ಮದು, ಅದರೊಳಗಿನ ಚಿಪ್ ಯಾರದ್ದು?

ಹಬ್ಬಕ್ಕೋ ಮದುವೆಗೋ ಪೇಟೆಯ ದೊಡ್ಡ ಶೋರೂಮಿನಿಂದ ಬಟ್ಟೆ ತಂದಿದ್ದೀರಾ? ಬೆಲೆ ಚೀಟಿ ಇನ್ನೂ ಬಿಸಾಡಿಲ್ಲದಿದ್ದರೆ ಅದನ್ನೊಮ್ಮೆ ಬಿಸಿಲಿಗೆ ಹಿಡಿದು ನೋಡಿ. ಒಳಗೆ ಬೆಳ್ಳಿ ಬಣ್ಣದ ತೆಳು ಗೆರೆಗಳು, ನಡುವೆ ಎಳ್ಳಿಗಿಂತ ಸಣ್ಣದೊಂದು ಚುಕ್ಕೆ ಕಂಡರೆ ಅದು ಬರೀ ಚೀಟಿ ಅಲ್ಲ, ಆರ್‌ಎಫ್‌ಐಡಿ ಟ್ಯಾಗ್. ಗೆರೆಗಳು ಆಂಟೆನಾ, ಚುಕ್ಕೆ ಚಿಪ್. ಕೆಲವು ಕಂಪನಿಗಳು ಇದನ್ನು ಅಂಗಿಯ ಒಳಗೆ ಹೊಲಿದಿರುವ ಪಟ್ಟಿಯಲ್ಲೇ ಇಟ್ಟಿರುತ್ತವೆ. ಆ ಪಟ್ಟಿಯ ಮೇಲೆ ಸಾಮಾನ್ಯವಾಗಿ ಕತ್ತರಿಯ ಚಿತ್ರ ಇರುತ್ತದೆ.

ಬಿಲ್ ಮಾಡಿದವರು ಇದರ ಬಗ್ಗೆ ನಿಮಗೆ ಒಂದು ಮಾತಾದರೂ ಹೇಳಿದರಾ? ನನ್ನ ತಕರಾರು ಇರುವುದೇ ಅಲ್ಲಿ.

ಈ ಟ್ಯಾಗ್ ನಮಗೆ ಪೂರ್ತಿ ಹೊಸದೇನಲ್ಲ. ಕಾರಿನ ಗಾಜಿಗೆ ಅಂಟಿಸುವ ಫಾಸ್ಟ್ಯಾಗ್ ಕೂಡ ಇದೇ ಜಾತಿಯದ್ದು. ಬ್ಯಾಟರಿ ಇಲ್ಲ. ಯಂತ್ರ ಬಿಡುವ ರೇಡಿಯೋ ಅಲೆ ತಾಗಿದಾಗ ಅದೇ ಶಕ್ತಿಯಿಂದ ಎಚ್ಚೆತ್ತು ತನ್ನ ನಂಬರ್ ಹೇಳುತ್ತದೆ. ಕೆಲವು ಮೀಟರ್ ದೂರದಿಂದ, ಬಟ್ಟೆಯ ಚೀಲದೊಳಗೆ ಇದ್ದರೂ ಓದಬಹುದು.

ಬಾರ್‌ಕೋಡಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಒಂದೇ ಕಂಪನಿಯ, ಒಂದೇ ಅಳತೆಯ ಸೋಪುಗಳಿಗೆಲ್ಲ ಬಾರ್‌ಕೋಡ್ ಒಂದೇ. ಆದರೆ ಆರ್‌ಎಫ್‌ಐಡಿಯಲ್ಲಿ, ದನದ ಕಿವಿಯ ಹಳದಿ ಟ್ಯಾಗಿನಲ್ಲಿ ಒಂದೊಂದು ದನಕ್ಕೂ ಬೇರೆ ನಂಬರ್ ಇರುವ ಹಾಗೆ, ಒಂದೊಂದು ಅಂಗಿಗೂ ಬೇರೆ ನಂಬರ್. ನೀವೂ ಪಕ್ಕದ ಮನೆಯವರೂ ಒಂದೇ ಬಣ್ಣದ, ಒಂದೇ ಸೈಜಿನ ಅಂಗಿ ತಂದರೂ ಯಂತ್ರಕ್ಕೆ ಯಾವುದು ಯಾವುದು ಅಂತ ಗೊತ್ತಾಗುತ್ತದೆ.

ಅಂಗಡಿಯವರಿಗೆ ಇದರಿಂದ ಲಾಭ ಇದೆ, ಅದನ್ನು ಅಲ್ಲಗಳೆಯುವುದಿಲ್ಲ. ದಿನವಿಡೀ ನಡೆಯುವ ಸ್ಟಾಕ್ ಎಣಿಕೆ ಸ್ವಲ್ಪ ಹೊತ್ತಿನಲ್ಲೇ ಮುಗಿಯುತ್ತದೆ. ಕಳ್ಳತನ ಬೇಗ ಗೊತ್ತಾಗುತ್ತದೆ. ಬುಟ್ಟಿಯನ್ನು ಹಾಗೇ ಯಂತ್ರದಲ್ಲಿಟ್ಟರೆ ಒಟ್ಟು ಬಿಲ್ ಬರುವ ಅಂಗಡಿಗಳೂ ಇವೆ. ಇವೆಲ್ಲ ಅಂಗಡಿಯ ಬಾಗಿಲೊಳಗಿನ ಕೆಲಸ. ದುಡ್ಡು ಕೊಟ್ಟು ಬಾಗಿಲು ದಾಟಿದ ಮೇಲೆ ಆ ಚಿಪ್ ಯಾಕೆ ಜೀವಂತ ಇರಬೇಕು?

ಹೆದರಿಸುವುದಕ್ಕೆ ಈ ಮಾತು ಹೇಳುತ್ತಿಲ್ಲ. ಇದು ಉಪಗ್ರಹದ ಜೊತೆ ಮಾತಾಡುವುದಿಲ್ಲ. ನೀವು ಹೊಲದಲ್ಲಿದ್ದೀರೋ ಸಂತೆಯಲ್ಲಿದ್ದೀರೋ ಅಂತ ಯಾರಿಗೂ ತಿಳಿಸುವುದಿಲ್ಲ. ಚಿಪ್ಪಿನಲ್ಲಿ ನಿಮ್ಮ ಹೆಸರೂ ಇರುವುದಿಲ್ಲ. ಹೆಸರನ್ನು ಕೊಡುವವರು ನಾವೇ. ಕೌಂಟರಿನಲ್ಲಿ "ಮೊಬೈಲ್ ನಂಬರ್ ಹೇಳಿ ಸಾರ್" ಅಂದ ಕೂಡಲೇ ಹತ್ತು ಅಂಕಿ ಹೇಳಿಬಿಡುತ್ತೇವೆ. ಅಂಗಿಯ ನಂಬರೂ ಮೊಬೈಲ್ ನಂಬರೂ ಒಂದೇ ಬಿಲ್ಲಿನಲ್ಲಿ ಕೂತವು. ಮುಂದಿನ ಸಲ ಅದೇ ಅಂಗಿ ತೊಟ್ಟು ಅಂಗಡಿಗೆ ಹೋದರೆ, ಬಾಗಿಲಿನ ಯಂತ್ರ ಬೇಕೆಂದರೆ ನಿಮ್ಮನ್ನು ಗುರುತಿಸಬಹುದು. ಇವತ್ತು ಇಂಥ ಅಂಗಡಿ ಹಾಗೆ ಮಾಡುತ್ತಿದೆ ಅಂತ ನಾನು ಆರೋಪಿಸುತ್ತಿಲ್ಲ. ಮಾಡಲು ಬೇಕಾದದ್ದೆಲ್ಲ ಅವರ ಕೈಯಲ್ಲಿದೆ, ತಡೆಯಲು ಬೇಕಾದದ್ದು ನಮ್ಮ ಕೈಯಲ್ಲಿಲ್ಲ ಅನ್ನುತ್ತಿದ್ದೇನೆ. ನಾವು ಬಳಸುವ ಸಾಮಾನ್ಯ ಮೊಬೈಲಿಗೆ ಈ ಟ್ಯಾಗ್ ಓದಲೂ ಬರುವುದಿಲ್ಲ.

"ನಮ್ಮ ಹತ್ರ ಮುಚ್ಚಿಡೋಕೆ ಏನಿದೆ? ಊರಿನ ಶೆಟ್ಟರ ಉದ್ರಿ ಪುಸ್ತಕದಲ್ಲಿ ನಮ್ಮ ಜಾತಕವೇ ಇಲ್ವಾ?" ಅಂತ ಕೇಳುವವರಿದ್ದಾರೆ. ಇದೆ. ಆದರೆ ಆ ಪುಸ್ತಕ ನಮ್ಮ ಕಣ್ಣೆದುರೇ ತೆರೆದಿರುತ್ತದೆ. "ಎರಡು ಕೆಜಿ ಸಕ್ಕರೆ ನಾವು ಒಯ್ದೇ ಇಲ್ಲ" ಅಂತ ಜಗಳ ಆಡಬಹುದು. ಲೆಕ್ಕ ತೀರಿದರೆ ಗೀಟು ಎಳೆಯುತ್ತಾರೆ. ಶೆಟ್ಟರು ನಮ್ಮನ್ನು ಬಲ್ಲರು, ನಾವೂ ಶೆಟ್ಟರನ್ನು ಬಲ್ಲೆವು. ಶೋರೂಮಿನ ಕಂಪ್ಯೂಟರಿನಲ್ಲಿ ನಮ್ಮ ಲೆಕ್ಕಕ್ಕೆ ಗೀಟು ಎಳೆಯುವವರು ಯಾರು?

ಕೇಳಿದರೆ ಕಂಪನಿಗಳು ಬಗ್ಗುತ್ತವೆ ಅನ್ನುವುದಕ್ಕೆ ಬೇರೆ ದೇಶಗಳಲ್ಲಿ ಉದಾಹರಣೆ ಇದೆ. 2003ರಲ್ಲಿ ಇಟಲಿಯ ಬೆನೆಟನ್ ಕಂಪನಿಯ ಬಟ್ಟೆಗಳಿಗೆ ಇಂಥ ಚಿಪ್ ಬರಲಿದೆ ಅನ್ನುವ ಸುದ್ದಿ ಹೊರಬಿತ್ತು. ಅಮೆರಿಕದ ಗ್ರಾಹಕ ಸಂಘಟನೆಯೊಂದು ಬಹಿಷ್ಕಾರಕ್ಕೆ ಕರೆ ಕೊಟ್ಟಿತು, ಕಂಪನಿ ಹಿಂದೆ ಸರಿಯಿತು. 2004ರಲ್ಲಿ ಜರ್ಮನಿಯ ಮೆಟ್ರೋ ಕಂಪನಿ ತನ್ನ ಗ್ರಾಹಕರ ಕಾರ್ಡಿನೊಳಗೆ ಚಿಪ್ ಇಟ್ಟಿದ್ದು ಬಯಲಾಯಿತು. ಜನ ಗಲಾಟೆ ಮಾಡಿದರು, ಕಾರ್ಡ್ ವಾಪಸ್ ಪಡೆಯಬೇಕಾಯಿತು. 2009ರಲ್ಲಿ ಯುರೋಪಿನ ಆಯೋಗವೇ ಶಿಫಾರಸು ಮಾಡಿತು: ಟ್ಯಾಗ್ ಇರುವುದನ್ನು ಗ್ರಾಹಕರಿಗೆ ತಿಳಿಸಬೇಕು, ಖಾಸಗಿತನಕ್ಕೆ ಧಕ್ಕೆ ಬರುವಂತಿದ್ದರೆ, ಗ್ರಾಹಕರು ಬೇಕು ಅನ್ನದ ಹೊರತು ಕೌಂಟರಿನಲ್ಲೇ ಅದನ್ನು ಪುಕ್ಕಟೆಯಾಗಿ ನಿಷ್ಕ್ರಿಯ ಮಾಡಬೇಕು. ಇದೇನೂ ಆಗದ ಕೆಲಸವಲ್ಲ. ಬಟ್ಟೆಗಳಿಗೆ ಬಳಸುವ ಟ್ಯಾಗಿನ ಮಾನದಂಡದಲ್ಲೇ ಚಿಪ್ಪನ್ನು ಶಾಶ್ವತವಾಗಿ ಸಾಯಿಸುವ ಆಜ್ಞೆ ಇದೆ. ಬೇಕಿರುವುದು ಮನಸ್ಸು.

ನಮ್ಮಲ್ಲೂ ಹಕ್ಕಿಗೆ ಬರವಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟು ಖಾಸಗಿತನ ಮೂಲಭೂತ ಹಕ್ಕು ಅಂದಿತು. ಮೊಬೈಲ್ ನಂಬರ್ ಕೊಡಲೇಬೇಕು ಅಂತ ಅಂಗಡಿಯವರು ಹಟ ಹಿಡಿಯಬಾರದು ಅಂತ 2023ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಸೂಚನೆ ಕೊಟ್ಟಿದೆ. ಆದರೂ ಕೌಂಟರಿನಲ್ಲಿ ಕೇಳುವುದು ನಿಂತಿಲ್ಲ, ನಾವು ಹೇಳುವುದೂ ನಿಂತಿಲ್ಲ.

ನಮ್ಮ ಬೇಡಿಕೆ ಮೂರೇ. ಟ್ಯಾಗ್ ಇರುವ ಅಂಗಡಿ ಬಾಗಿಲಲ್ಲೇ ಕನ್ನಡದಲ್ಲಿ ಬೋರ್ಡ್ ಹಾಕಲಿ. ಬಿಲ್ ಆದ ಕೂಡಲೇ ಟ್ಯಾಗ್ ತೆಗೆಯಲಿ, ಇಲ್ಲವೇ ಸಾಯಿಸಲಿ. ಟ್ಯಾಗ್ ತೆಗೆದರೂ ಬಿಲ್ ತೋರಿಸಿದರೆ ಬಟ್ಟೆ ಬದಲಿಸಿಕೊಡಲಿ.

ಅಲ್ಲಿಯವರೆಗೆ ನಮ್ಮ ಕೆಲಸ ನಾವು ಮಾಡೋಣ. "ಇದರಲ್ಲಿ ಚಿಪ್ ಇದೆಯಾ?" ಅಂತ ಕೌಂಟರಿನಲ್ಲಿ ಗಟ್ಟಿಯಾಗಿ ಕೇಳಿ, ಹಿಂದೆ ನಿಂತವರಿಗೂ ಕೇಳಿಸಲಿ. ನಂಬರ್ ಕೇಳಿದರೆ "ಕೊಡಲ್ಲ, ಬಿಲ್ ಮಾಡಿ" ಅನ್ನಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಮನೆಗೆ ಬಂದು, ಅಳತೆ ಸರಿ ಇದೆ, ವಾಪಸ್ ಕೊಡುವುದಿಲ್ಲ ಅಂತಾದ ಮೇಲೆ ಕತ್ತರಿಯ ಚಿತ್ರ ಇರುವ ಆ ಪಟ್ಟಿಯನ್ನು ಕತ್ತರಿಸಿ ಬಿಸಾಡಿ. ದುಡ್ಡು ಕೊಟ್ಟವರು ನೀವು, ಅಂಗಿ ಪೂರ್ತಿ ನಿಮ್ಮದಾಗಲಿ.