ಸಭೆ ಮುಗಿದರೆ ಸಾಲದು, ವಿಷಯ ಮುಗಿಯಬೇಕು

ನಿಗದಿತ ವೇಳೆಗಿಂತ ಮುಕ್ಕಾಲು ಗಂಟೆ ತಡವಾಗಿ ಸಭೆ ಪ್ರಾರಂಭವಾಗುತ್ತದೆ. ಸ್ವಾಗತ, ಮಾಲಾರ್ಪಣೆ, ಪ್ರಾಸ್ತಾವಿಕ ನುಡಿಗಳಿಗೆ ಅರ್ಧ ಗಂಟೆ ಸಲ್ಲುತ್ತದೆ. ವಿಷಯ ಪಟ್ಟಿಯ ಮೊದಲನೆಯ ವಿಷಯದ ಮೇಲೆ ಹನ್ನೆರಡು ಜನ ಮಾತನಾಡುತ್ತಾರೆ. ಅವರಲ್ಲಿ ನಾಲ್ವರು ಹೇಳುವುದು ಒಂದೇ ಮಾತು, ಇನ್ನು ಮೂವರು ಹೇಳುವುದು ಬೇರೆಯೇ ವಿಷಯ. ಅಷ್ಟರಲ್ಲಿ ಮಿರ್ಚಿ, ಒಗ್ಗರಣೆ, ಚಹಾ ಬರುತ್ತವೆ. "ಎಲ್ಲರ ಅಭಿಪ್ರಾಯವೂ ಸರಿಯಾಗಿದೆ, ಮುಂದಿನ ಸಭೆಯಲ್ಲಿ ಕೂಲಂಕಷವಾಗಿ ಚರ್ಚಿಸೋಣ" ಎಂದು ಅಧ್ಯಕ್ಷರು ಹೇಳುತ್ತಾರೆ. ವಂದನಾರ್ಪಣೆಯೊಂದಿಗೆ ಸಭೆ ಮುಕ್ತಾಯಗೊಳ್ಳುತ್ತದೆ. ನಿಜವಾದ ಚರ್ಚೆ ಆರಂಭವಾಗುವುದು ಅನಂತರ, ಹೊರಗೆ ನಿಲ್ಲಿಸಿದ ಮೋಟಾರ್ ಸೈಕಲ್‌ಗಳ ಬಳಿ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ವರ್ತಕರಿಗೂ ಸಣ್ಣ ಉದ್ಯಮಿಗಳಿಗೂ ಈ ಚಿತ್ರ ಅಪರಿಚಿತವಲ್ಲ. ಕಿರಾಣಿ ವರ್ತಕರ ಸಂಘವಿರಲಿ, ಅಕ್ಕಿ ಗಿರಣಿ ಮಾಲೀಕರ ಸಂಘವಿರಲಿ, ಪತ್ತಿನ ಸಹಕಾರಿಯ ಆಡಳಿತ ಮಂಡಳಿಯಿರಲಿ, ಅಣ್ಣತಮ್ಮಂದಿರ ಪಾಲುದಾರಿಕೆ ಸಂಸ್ಥೆಯೇ ಇರಲಿ, ಕೂಡುವುದಕ್ಕೆ ಕೊರತೆಯಿಲ್ಲ; ಕೂಡಿ ತೀರ್ಮಾನಿಸುವುದಕ್ಕೆ ಕೊರತೆಯಿದೆ. ಮೂವತ್ತು ಜನ ವ್ಯಾಪಾರಿಗಳು ಮೂರು ಗಂಟೆ ಕುಳಿತರೆ ತೊಂಬತ್ತು ಗಂಟೆಗಳ ದುಡಿಮೆ ಖರ್ಚಾದಂತೆ. ಅಂಗಡಿಯ ಖಾತೆಯಲ್ಲಿ ಇಂಥ ಖರ್ಚು ಬರೆದರೆ ಅದಕ್ಕೆದುರಾಗಿ ಏನು ಬಂದಿತೆಂದು ಮಾಲೀಕ ಕೇಳದೆ ಬಿಡುವುದಿಲ್ಲ. ಸಭೆಯ ವಿಷಯದಲ್ಲಿ ಮಾತ್ರ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಸದಸ್ಯರಲ್ಲಿ ಸದುದ್ದೇಶವಿಲ್ಲ ಎಂಬುದು ಇದಕ್ಕೆ ಕಾರಣವಲ್ಲ. ಏನನ್ನು ತೀರ್ಮಾನಿಸಬೇಕು ಎಂಬುದನ್ನು ಒಂದು ವಾಕ್ಯದಲ್ಲಿ ಹೇಳುವವರು ಇಲ್ಲದಿರುವುದು ಮತ್ತು ತೀರ್ಮಾನವಾದದ್ದನ್ನು ಇನ್ನೊಂದು ವಾಕ್ಯದಲ್ಲಿ ಬರೆಯುವವರು ಇಲ್ಲದಿರುವುದೇ ಮೂಲ ದೋಷ.

ತುಂಗಭದ್ರೆಯ ದಡದ ಪಾಠ

ನಿರ್ಣಯವೆಂದರೆ ಹೇಗಿರಬೇಕು ಎಂಬುದಕ್ಕೆ ಈ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ತುಂಗಭದ್ರಾ ಯೋಜನೆಯ ನೀರಾವರಿ ಸಲಹಾ ಸಮಿತಿಯ ಸಭೆ ಯಾವಾಗ ಸೇರುತ್ತದೆ ಎಂದು ಗಂಗಾವತಿ, ಕಾರಟಗಿಯ ಪ್ರತಿಯೊಬ್ಬ ಗಿರಣಿ ಮಾಲೀಕ, ಬೀಜ ಗೊಬ್ಬರದ ವ್ಯಾಪಾರಿ, ಅಡತಿ ಅಂಗಡಿಕಾರ ಕಾದಿರುತ್ತಾನೆ. ಸಮಿತಿಯ ನಿರ್ಣಯ ಹೊರಬೀಳುವ ರೀತಿಯನ್ನು ಗಮನಿಸಬೇಕು: ಇಂಥ ಕಾಲುವೆಗೆ, ಇಂತಿಷ್ಟು ಕ್ಯೂಸೆಕ್, ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ, ಅಥವಾ ನೀರಿನ ಲಭ್ಯತೆ ಇರುವವರೆಗೆ, ಯಾವುದು ಮೊದಲೋ ಅದು. ಏನು, ಎಷ್ಟು, ಎಂದಿನಿಂದ, ಎಂದಿನವರೆಗೆ, ಪರಿಸ್ಥಿತಿ ಬದಲಾದರೆ ಏನು ಎಂಬ ಐದು ಪ್ರಶ್ನೆಗಳಿಗೂ ಅದರಲ್ಲಿ ಉತ್ತರವಿದೆ. ನಿರ್ಣಯವನ್ನು ಒಪ್ಪದವರಿಗೂ ಅದರ ಅರ್ಥದ ಬಗ್ಗೆ ಸಂದೇಹ ಉಳಿಯುವುದಿಲ್ಲ.

ಆ ಸಮಿತಿಯ ಎಲ್ಲ ತೀರ್ಮಾನಗಳೂ ಸಿಹಿಯಾಗಿರುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದ ಬಳಿಕ ಎಲ್ಲ ಗೇಟುಗಳನ್ನೂ ಬದಲಾಯಿಸುವ ಅಗತ್ಯ ಎದುರಾಯಿತು. ಆ ಕೆಲಸಕ್ಕಾಗಿ 2025ರ ನವೆಂಬರ್‌ನಲ್ಲಿ ಎರಡನೆಯ ಬೆಳೆಗೆ ನೀರು ಬಿಡದಿರಲು ತೀರ್ಮಾನಿಸಲಾಯಿತು. ಭತ್ತದ ನಾಡಿಗೆ ಇದು ಕಹಿ ಸುದ್ದಿಯೇ ಸರಿ, ವಿರೋಧವೂ ವ್ಯಕ್ತವಾಯಿತು. ಆದರೂ ವ್ಯಾಪಾರದ ದೃಷ್ಟಿಯಿಂದ ಒಂದು ಮಾತನ್ನು ಹೇಳಲೇಬೇಕು. ಬೇಸಿಗೆಯ ಭತ್ತ ಬರುವುದಿಲ್ಲವೆಂದು ಮೊದಲೇ ತಿಳಿದ ಗಿರಣಿ ಮಾಲೀಕ ತನ್ನ ದಾಸ್ತಾನನ್ನು, ಬ್ಯಾಂಕಿನ ಸಾಲದ ಮಿತಿಯನ್ನು, ಹಮಾಲರಿಗೆ ಕೊಡುವ ಮುಂಗಡವನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬಲ್ಲ. "ನೋಡೋಣ, ಪರಿಶೀಲಿಸೋಣ" ಎಂಬ ಮಾತು ಜನವರಿಯವರೆಗೆ ಎಳೆದಿದ್ದರೆ ಬೀಜ ತಂದಿಟ್ಟವನೂ ನಷ್ಟಕ್ಕೊಳಗಾಗುತ್ತಿದ್ದ, ತರದವನೂ ಆತಂಕದಲ್ಲಿರುತ್ತಿದ್ದ. ಸಕಾಲದಲ್ಲಿ ಬಂದ ಕಹಿ ನಿರ್ಣಯವು ತಡವಾಗಿ ಬಂದ ಸಿಹಿ ಭರವಸೆಗಿಂತ ಮೇಲು.

ಗೇಟು ಕೊಚ್ಚಿಹೋದ ಆ ವಾರವೂ ಸ್ಮರಣೀಯ. ಜಲಾಶಯದ ನೀರನ್ನು ಬಹುಮಟ್ಟಿಗೆ ಹೊರಬಿಟ್ಟು ದುರಸ್ತಿ ಮಾಡುವುದೋ, ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಸ್ಟಾಪ್‌ಲಾಗ್ ಇಳಿಸುವುದೋ ಎಂಬ ಎರಡು ದಾರಿಗಳು ಮುಂದಿದ್ದವು. ಎರಡನೆಯದನ್ನು ಆರಿಸಿಕೊಂಡು, ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಆಗಸ್ಟ್ 17ರ ವೇಳೆಗೆ ಐದು ಭಾಗಗಳನ್ನೂ ಕೂರಿಸಲಾಯಿತು. ಅಲ್ಲಿ ಮಾತು ಮುಗಿಯಬೇಕಾದ ಗಡುವನ್ನು ಹರಿಯುವ ನೀರೇ ವಿಧಿಸಿತ್ತು. ಊರಿನ ಸಂಘಗಳ ಸಭೆಗೆ ಅಂಥ ಗಡುವು ತಾನಾಗಿ ಬರುವುದಿಲ್ಲ. ಅದನ್ನು ಅಧ್ಯಕ್ಷರೇ ವಿಧಿಸಬೇಕಾಗುತ್ತದೆ.

ಪ್ರಶ್ನೆ ಸ್ಪಷ್ಟವಾಗಿರಲಿ

ಸಂಘದ ವತಿಯಿಂದ ವೇಬ್ರಿಜ್ ಸ್ಥಾಪಿಸುವ ವಿಷಯವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಸಭೆಯ ತಿಳಿವಳಿಕೆ ಪತ್ರದಲ್ಲಿ ಸಾಮಾನ್ಯವಾಗಿ ಕಾಣುವುದು "ವೇಬ್ರಿಜ್ ಕುರಿತು ಚರ್ಚೆ" ಎಂಬ ಮೂರು ಶಬ್ದಗಳು. ಚರ್ಚೆ ಎಂದು ಬರೆದ ಮೇಲೆ ಚರ್ಚೆಯಾಗುವುದು ಸಹಜ. ಅದಕ್ಕಿಂತ ಹೆಚ್ಚಿನದನ್ನು ಯಾರೂ ಕೇಳಿಲ್ಲವಷ್ಟೆ. ಬದಲಾಗಿ "ಸಂಘದ ನಿವೇಶನದಲ್ಲಿ ವೇಬ್ರಿಜ್ ಸ್ಥಾಪಿಸಲು ಪ್ರತಿ ಸದಸ್ಯರಿಂದ ಹತ್ತು ಸಾವಿರ ರೂಪಾಯಿಗಳಂತೆ ವಂತಿಗೆ ಸಂಗ್ರಹಿಸಬೇಕೇ, ಬೇಡವೇ?" ಎಂದು ಬರೆದು, ಎರಡು ಕಂಪನಿಗಳ ದರಪಟ್ಟಿಯನ್ನು ಒಂದು ವಾರ ಮುಂಚೆಯೇ ಕಳುಹಿಸಿದರೆ ಸದಸ್ಯರು ಉತ್ತರವನ್ನು ಮನೆಯಲ್ಲಿಯೇ ಯೋಚಿಸಿಕೊಂಡು ಬರುತ್ತಾರೆ. ಹತ್ತು ಸಾವಿರ ಹೆಚ್ಚಾಯಿತೆನ್ನುವವನು ಐದು ಸಾವಿರವೆಂದು ತಿದ್ದುಪಡಿ ಸೂಚಿಸಬಹುದು. ಆಗ ಚರ್ಚೆಗೆ ಒಂದು ಗುರಿ ಒದಗುತ್ತದೆ.

"ಅಧ್ಯಕ್ಷರ ಅಪ್ಪಣೆಯ ಮೇರೆಗೆ ಇತರ ವಿಷಯಗಳು" ಎಂಬ ಕೊನೆಯ ಬಾಬಿನಲ್ಲಿ ಹಣಕಾಸಿನ ವಿಷಯವನ್ನು ತರುವ ಪದ್ಧತಿಯೂ ನಿಲ್ಲಬೇಕು. ಅರ್ಧದಷ್ಟು ಜನ ಎದ್ದುಹೋದ ಮೇಲೆ ಅಂಗೀಕಾರವಾದ ಖರ್ಚು ಮುಂದಿನ ಮಹಾಸಭೆಯಲ್ಲಿ ಜಗಳವಾಗಿ ಮರಳಿ ಬರುತ್ತದೆ.

ಎಲ್ಲ ವಿಷಯಗಳನ್ನೂ ಅಂದೇ ಮುಗಿಸಬೇಕೆಂದು ಇದರ ಅರ್ಥವಲ್ಲ. ಮಾಹಿತಿ ಸಾಲದಿದ್ದರೆ ಮುಂದೂಡುವುದೇ ವಿವೇಕ. ಆದರೆ ಮುಂದೂಡುವುದೂ ಒಂದು ನಿರ್ಣಯವಾಗಿರಬೇಕು: ಯಾವ ಮಾಹಿತಿ ಬೇಕು, ಅದನ್ನು ಯಾರು ತರುತ್ತಾರೆ, ಯಾವ ದಿನಾಂಕದಂದು ವಿಷಯ ಮತ್ತೆ ಬರುತ್ತದೆ ಎಂಬ ಮೂರು ಅಂಶಗಳು ದಾಖಲಾಗದ ಮುಂದೂಡಿಕೆಯು ವಿಷಯವನ್ನು ಸದ್ದಿಲ್ಲದೆ ಹೂತಂತೆಯೇ ಸರಿ.

ಮೌನವೆಲ್ಲ ಸಮ್ಮತಿಯಲ್ಲ

ಸಣ್ಣ ಊರುಗಳಲ್ಲಿ ಮತ ಹಾಕಿ ತೀರ್ಮಾನಿಸಲು ಹಿಂಜರಿಕೆಯಿರುವುದು ಸಹಜ. ಇಂದು ಎದುರು ಮತ ಹಾಕಿದವನ ಅಂಗಡಿಗೆ ನಾಳೆ ಉದ್ರಿ ವಸೂಲಿಗೆ ಹೋಗಬೇಕು, ನಾಡಿದ್ದು ಅವನ ಮನೆಯ ಮದುವೆಗೂ ಹೋಗಬೇಕು. ಹಿರಿಯರ ಮಾತಿಗೆ ಎದುರಾಡಬಾರದೆಂಬ ಸಂಕೋಚವೂ ಇದೆ. ಹೀಗಾಗಿ ಎಲ್ಲರೂ ಸುಮ್ಮನಿರುತ್ತಾರೆ, ಅಧ್ಯಕ್ಷರು ಅದನ್ನು ಸರ್ವಾನುಮತವೆಂದು ಬರೆಸುತ್ತಾರೆ, ವಂತಿಗೆ ಕೇಳಲು ಹೋದಾಗ ಸರ್ವಾನುಮತದ ನಿಜಬಣ್ಣ ಬಯಲಾಗುತ್ತದೆ.

ದೇಶದ ಅತಿ ದೊಡ್ಡ ತೆರಿಗೆ ಸಭೆಯೂ ಒಮ್ಮತವನ್ನೇ ನೆಚ್ಚಿಕೊಂಡಿದೆ. ಜಿಎಸ್‌ಟಿ ಮಂಡಳಿಯಲ್ಲಿ ಕೇಂದ್ರದ ಮತಕ್ಕೆ ಮೂರನೆಯ ಒಂದು ಭಾಗದ ತೂಕ, ರಾಜ್ಯಗಳಿಗೆ ಒಟ್ಟಾಗಿ ಮೂರನೆಯ ಎರಡು ಭಾಗ. ನಿರ್ಣಯಕ್ಕೆ ನಾಲ್ಕನೆಯ ಮೂರು ಭಾಗದ ಬೆಂಬಲ ಬೇಕು. ಹೀಗಿದ್ದರೂ ಮೊದಲ 37 ಸಭೆಗಳಲ್ಲಿ ಮತದಾನದ ಪ್ರಸಂಗ ಬರಲಿಲ್ಲ. 2019ರ ಡಿಸೆಂಬರ್ 18ರಂದು ನಡೆದ 38ನೆಯ ಸಭೆಯಲ್ಲಿ, ಲಾಟರಿಯ ಮೇಲಿನ ತೆರಿಗೆ ದರದ ವಿಷಯದಲ್ಲಿ, ಮೊದಲ ಬಾರಿಗೆ ಮತ ಹಾಕಿ ತೀರ್ಮಾನಿಸಲಾಯಿತು. ಆ ಮತದಾನದಿಂದ ಮಂಡಳಿ ಒಡೆಯಲಿಲ್ಲ, ಮುಂದಿನ ಸಭೆಗಳೂ ನಡೆದವು. ಒಮ್ಮತಕ್ಕೆ ಪ್ರಯತ್ನಿಸುವುದು ಸರಿ. ಒಮ್ಮತ ಸಿಗದಿದ್ದರೆ ಏನು ಮಾಡಬೇಕೆಂಬ ನಿಯಮವೂ ಕೈಯಲ್ಲಿರಬೇಕು ಎಂಬುದೇ ಇಲ್ಲಿಯ ಪಾಠ.

ಪಾಲುದಾರಿಕೆ ಸಂಸ್ಥೆಗಳಿಗೆ ಕಾನೂನೇ ಆ ನಿಯಮವನ್ನು ಒದಗಿಸಿದೆ. ಪಾಲುದಾರರ ನಡುವೆ ಬೇರೆ ಕರಾರು ಇಲ್ಲದಿದ್ದಲ್ಲಿ, 1932ರ ಪಾಲುದಾರಿಕೆ ಕಾಯ್ದೆಯ 12ನೆಯ ಕಲಮಿನ ಪ್ರಕಾರ ವ್ಯವಹಾರದ ಸಾಮಾನ್ಯ ವಿಷಯಗಳಲ್ಲಿ ಭಿನ್ನಾಭಿಪ್ರಾಯ ಬಂದರೆ ಬಹುಮತದಿಂದ ತೀರ್ಮಾನಿಸಬಹುದು. ಆದರೆ ತೀರ್ಮಾನಕ್ಕೆ ಮುನ್ನ ತನ್ನ ಅಭಿಪ್ರಾಯ ಹೇಳುವ ಹಕ್ಕು ಪ್ರತಿಯೊಬ್ಬ ಪಾಲುದಾರನಿಗೂ ಇದೆ. ವ್ಯವಹಾರದ ಸ್ವರೂಪವನ್ನೇ ಬದಲಾಯಿಸಲು ಎಲ್ಲರ ಒಪ್ಪಿಗೆ ಬೇಕು. ತೊಂಬತ್ತು ತುಂಬಿದ ಈ ಕಾಯ್ದೆಯಲ್ಲಿ ಕೂಟದ ನ್ಯಾಯವೆಲ್ಲ ಅಡಗಿದೆ: ಕೇಳದೆ ತೀರ್ಮಾನಿಸಬಾರದು, ಕೇಳಿದ ಮೇಲೆ ತೀರ್ಮಾನಿಸದೆ ಬಿಡಬಾರದು.

ಇದನ್ನು ಆಚರಣೆಗೆ ತರುವುದು ಕಷ್ಟವಲ್ಲ. ಅಧ್ಯಕ್ಷರು ತಮ್ಮ ಅಭಿಪ್ರಾಯವನ್ನು ಕೊನೆಗೆ ಹೇಳಬೇಕು; ಕಿರಿಯ ಸದಸ್ಯರಿಂದ ಆರಂಭಿಸಿ ಸರದಿಯಂತೆ ಎಲ್ಲರನ್ನೂ ಕೇಳಬೇಕು. ಮಾತು ಮರುಕಳಿಸತೊಡಗಿದಾಗ "ಹಾಗಾದರೆ ಸಭೆಯ ತೀರ್ಮಾನ ಇದು" ಎಂದು ಒಂದೇ ವಾಕ್ಯದಲ್ಲಿ ಗಟ್ಟಿಯಾಗಿ ಹೇಳಿ, ಆಕ್ಷೇಪವುಂಟೇ ಎಂದು ವಿಚಾರಿಸಬೇಕು. ಆಕ್ಷೇಪವಿದ್ದರೆ ಕೈ ಎತ್ತಿಸಿ ಎಣಿಸಬೇಕು, ಭಿನ್ನಮತವನ್ನು ಹೆಸರಿನೊಂದಿಗೆ ಬರೆಯಬೇಕು. ದಾಖಲಾದ ಭಿನ್ನಮತ ವೈರವಲ್ಲ. ದಾಖಲಾಗದ ಭಿನ್ನಮತವೇ ಹೊರಗೆ ಹೋಗಿ ಗುಂಪು ಕಟ್ಟುತ್ತದೆ.

ಅಧಿಕಾರದ ಮೇರೆ

ತೀರ್ಮಾನಿಸುವ ಉತ್ಸಾಹದಲ್ಲಿ ಮೇರೆಯನ್ನು ಮರೆಯಬಾರದು. ಸದಸ್ಯರೆಲ್ಲ ಸೇರಿ ಮಾರಾಟದ ದರವನ್ನು ನಿಗದಿಪಡಿಸುವುದು, ಇಂಥವರೊಂದಿಗೆ ವ್ಯಾಪಾರ ಮಾಡಬಾರದೆಂದು ಕಟ್ಟಳೆ ಹಾಕುವುದು 2002ರ ಸ್ಪರ್ಧಾ ಕಾಯ್ದೆಯ 3ನೆಯ ಕಲಮಿನ ವ್ಯಾಪ್ತಿಗೆ ಬರುತ್ತದೆ. ವರ್ತಕರ ಸಂಘಗಳೂ ಅದಕ್ಕೆ ಹೊರತಲ್ಲ. ಅಂಥ ಠರಾವು ಬರೆದಿಟ್ಟ ನಡಾವಳಿ ಪುಸ್ತಕವೇ ಸಂಘದ ವಿರುದ್ಧ ಸಾಕ್ಷಿಯಾಗುತ್ತದೆ. ವಿಷಯ ಪಟ್ಟಿ ಸಿದ್ಧಪಡಿಸುವಾಗಲೇ "ಇದನ್ನು ತೀರ್ಮಾನಿಸುವ ಅಧಿಕಾರ ಈ ಸಭೆಗೆ ಇದೆಯೇ" ಎಂದು ಬೈಲಾವನ್ನೂ ಕಾನೂನನ್ನೂ ನೋಡುವುದು ಕಾರ್ಯದರ್ಶಿಯ ಮೊದಲ ಕರ್ತವ್ಯ.

ಬರೆದದ್ದೇ ಉಳಿಯುವುದು

ನಡಾವಳಿ ಪುಸ್ತಕಗಳನ್ನು ತಿರುವಿ ಹಾಕಿದರೆ ಹೆಚ್ಚಾಗಿ ಕಾಣುವ ವಾಕ್ಯ "ಸರ್ಕಾರವನ್ನು ಒತ್ತಾಯಿಸಲು ನಿರ್ಧರಿಸಲಾಯಿತು" ಎಂಬುದು. ಯಾವ ಇಲಾಖೆಯನ್ನು, ಯಾರು, ಯಾವ ದಿನ, ಯಾವ ಪತ್ರದ ಮೂಲಕ? ಉತ್ತರವಿಲ್ಲ. ಬೆಕ್ಕಿನ ಕೊರಳಿಗೆ ಗಂಟೆ ಕಟ್ಟಬೇಕೆಂದು ಇಲಿಗಳೆಲ್ಲ ಸರ್ವಾನುಮತದಿಂದ ಒಪ್ಪಿದ್ದವು; ಕಟ್ಟುವವರ ಹೆಸರನ್ನು ಮಾತ್ರ ಯಾರೂ ನಡಾವಳಿಯಲ್ಲಿ ಬರೆಯಲಿಲ್ಲ.

ಕಂಪನಿಗಳಿಗೆ 2013ರ ಕಂಪನಿ ಕಾಯ್ದೆಯ 118ನೆಯ ಕಲಮು ಸಭೆ ಮುಗಿದ 30 ದಿನಗಳೊಳಗೆ ನಡಾವಳಿಯನ್ನು ಪುಸ್ತಕದಲ್ಲಿ ದಾಖಲಿಸಬೇಕೆಂದು ವಿಧಿಸುತ್ತದೆ. ಸಂಘಗಳಿಗೆ ಅಷ್ಟು ದಿನಗಳೂ ಬೇಡ. ಠರಾವನ್ನು ಸಭೆಯಲ್ಲಿಯೇ ಬರೆದು, ಚಹಾ ಬರುವ ಮುನ್ನ ಓದಿ ಹೇಳಿ, ಸೂಚಕರು ಮತ್ತು ಅನುಮೋದಕರ ಸಹಿ ಪಡೆದರೆ ಸಾಕು. ಏನು ಮಾಡಬೇಕು, ಯಾರು ಮಾಡಬೇಕು, ಎಷ್ಟು ಖರ್ಚಿನೊಳಗೆ, ಯಾವ ದಿನಾಂಕದೊಳಗೆ ಎಂಬ ನಾಲ್ಕು ಅಂಶಗಳು ಅದರಲ್ಲಿರಬೇಕು. ಮುಂದಿನ ಸಭೆಯ ಮೊದಲ ಬಾಬು "ಹಿಂದಿನ ಠರಾವುಗಳ ಕಾರ್ಯಗತಿ" ಆಗಿರಬೇಕು. ಆಗದ ಕೆಲಸವನ್ನು ಆಗಲಿಲ್ಲವೆಂದು ಬರೆಯುವ ಧೈರ್ಯವೂ ಬೇಕು.

ಬಾಯಿಮಾತಿನ ತೀರ್ಮಾನದ ಬೆಲೆಯನ್ನು ಪಾಲುದಾರರು ತೆರಿಗೆಯ ರೂಪದಲ್ಲಿ ತೆರುವುದುಂಟು. ದುಡಿಯುವ ಪಾಲುದಾರನಿಗೆ ಸಂಬಳ ಕೊಡಲು ಅಣ್ಣತಮ್ಮಂದಿರು ಯುಗಾದಿಯಂದು ಒಪ್ಪಿರುತ್ತಾರೆ, ಪಾಲುದಾರಿಕೆ ಪತ್ರದ ತಿದ್ದುಪಡಿ ಮುಂದಿನ ಮಾರ್ಚ್‌ನಲ್ಲಿ ನೆನಪಾಗುತ್ತದೆ. ಪತ್ರದಲ್ಲಿ ಅಧಿಕಾರ ನೀಡುವುದಕ್ಕೆ ಹಿಂದಿನ ಅವಧಿಯ ಸಂಬಳವು ಆದಾಯ ತೆರಿಗೆಯ ಲೆಕ್ಕದಲ್ಲಿ ಸಂಸ್ಥೆಯ ಖರ್ಚಾಗಿ ಸಲ್ಲುವುದಿಲ್ಲ. ಕೊಟ್ಟ ಹಣ ನಿಜ, ಒಪ್ಪಿದ ಮಾತು ನಿಜ. ಬರೆಯದ ಕಾರಣ ತೆರಿಗೆಯೂ ನಿಜವಾಗುತ್ತದೆ.

ಒಂದೇ ಜಿಲ್ಲೆಯಾದರೂ ಹಿತಾಸಕ್ತಿಗಳು ಒಂದೇ ಅಲ್ಲ. ಗಂಗಾವತಿಯ ಗಿರಣಿಯವರಿಗೆ ಕಾಲುವೆಯ ನೀರಿನ ಚಿಂತೆ. ಯಲಬುರ್ಗಾ, ಕುಷ್ಟಗಿಯ ವರ್ತಕರಿಗೆ ಮಳೆಯಾಶ್ರಿತ ಬೆಳೆಯ ಆವಕದ ಚಿಂತೆ. ಕೊಪ್ಪಳದ ಸುತ್ತಲಿನ ಸಣ್ಣ ಉದ್ದಿಮೆಗಳಿಗೆ ವಿದ್ಯುತ್ತು ಮತ್ತು ಆರ್ಡರುಗಳ ಚಿಂತೆ. ಇಷ್ಟು ಭಿನ್ನರಾದವರು ಒಂದೇ ಮೇಜಿನ ಸುತ್ತ ಕುಳಿತಾಗ ಎಲ್ಲರಿಗೂ ಪ್ರಿಯವಾಗುವ ತೀರ್ಮಾನ ಅಪರೂಪ. ಎಲ್ಲರಿಗೂ ಅರ್ಥವಾಗುವ, ಎಲ್ಲರೂ ಪಾಲಿಸಬಹುದಾದ ತೀರ್ಮಾನ ಸಾಧ್ಯ. ತಿಂಗಳ ಕೊನೆಗೆ ಅಂಗಡಿಯ ಖಾತೆಯನ್ನು ಮುಗಿಸಿ ಶಿಲ್ಕು ಎಳೆಯದ ವ್ಯಾಪಾರಿ ಇಲ್ಲ. ಪ್ರತಿ ಸಭೆಯ ಕೊನೆಗೂ ಅಂಥದೊಂದು ಗೆರೆ ಎಳೆಯುವ ರೂಢಿ ಬಂದರೆ, ಸಭೆಗೆ ಬರುವವರ ಸಂಖ್ಯೆಯೂ ತಾನಾಗಿ ಹೆಚ್ಚುತ್ತದೆ.