ಲೇಬಲ್ ಓದುವವರು ಯಾರು?

ಚೆನ್ನೈನ ಪ್ಯಾರೀಸ್ ಕಾರ್ನರ್‌ನಲ್ಲಿ ಬಸ್ಸಿಳಿದು ಗೋವಿಂದಪ್ಪ ನಾಯ್ಕನ್ ಬೀದಿ ಹೊಕ್ಕರೆ ಸಾಲಾಗಿ ರಾಸಾಯನಿಕಗಳ ಅಂಗಡಿಗಳು. ಅಲ್ಲೊಂದು ಮಳಿಗೆಯಲ್ಲಿ ನಮ್ಮ ಸೋದರಮಾವ ಲೆಕ್ಕ ಬರೀತಾರೆ. ರಜೆಯಲ್ಲಿ ನಾನೂ ಹೋಗಿ ಸ್ಟಾಕ್ ಪುಸ್ತಕ ಬರೆದೆ. ಪೊಟ್ಯಾಸಿಯಂ ಡೈಕ್ರೋಮೇಟಿನ ಡಬ್ಬದ ಮೇಲೆ, ಎದೆಯಲ್ಲಿ ನಕ್ಷತ್ರ ಸಿಡಿದಂಥ ಮನುಷ್ಯನ ಚಿತ್ರ. ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು. ಕನ್ನಡ ಮಾಧ್ಯಮದವನಾದ ನನಗೆ ನಿಘಂಟೇ ಬೇಕಾಯಿತು. ‘ವಂಶವಾಹಿಗಳಲ್ಲಿ ದೋಷ ಉಂಟುಮಾಡಬಹುದು.’ ಅಂದರೆ ಮುಟ್ಟಿದವನಿಗಷ್ಟೇ ಅಲ್ಲ, ಅವನ ಮುಂದಿನ ಮಗುವಿಗೂ ಅಪಾಯ.

“ಮಾವ, ಹೊರೆ ಹೊರೋರಿಗೆ ಇದು ಗೊತ್ತಾ?” ಅಂದೆ.

“ಅವರಿಗೆ ಇಂಗ್ಲಿಷ್ ಎಲ್ಲಿ ಬರುತ್ತೆ? ನೀನು ಲೆಕ್ಕ ನೋಡಪ್ಪ” ಅಂದರು.

ಇಂಥ ಎಚ್ಚರಿಕೆಗಳ ಹಿಂದಿರುವುದು ಬಹುಮಟ್ಟಿಗೆ ಪ್ರಾಣಿಗಳ ಮೇಲಿನ ಪ್ರಯೋಗ. ಹಿಂದೆ ಅಮೆರಿಕದ ಓಕ್ ರಿಜ್‌ನಲ್ಲಿ ವಿಲಿಯಂ ರಸೆಲ್ ಒಂದು ದೋಷ ಹಿಡಿಯಲು ಸಾವಿರಾರು ಇಲಿಮರಿಗಳನ್ನು ನೋಡಬೇಕಾಗಿತ್ತು. 1980ರ ದಶಕದ ಕೊನೆಗೆ ಹೊಸ ಉಪಾಯ ಬಂತು: ಬ್ಯಾಕ್ಟೀರಿಯಾದ ಲ್ಯಾಕ್‌ಝಡ್ ಎಂಬ ವಂಶವಾಹಿಯನ್ನು ಇಲಿಯ ಪ್ರತಿ ಜೀವಕೋಶದಲ್ಲೂ ಸೇರಿಸಿಟ್ಟರು. ಇಲಿಗೆ 28 ದಿನ ರಾಸಾಯನಿಕ ಕೊಟ್ಟು, ಇನ್ನೂ 28 ದಿನ ಕಾದು, ವೃಷಣದ ಬೀಜಕೋಶಗಳಿಂದ ಡಿಎನ್‌ಎ ತೆಗೆಯುತ್ತಾರೆ. ಆ ವಂಶವಾಹಿಯನ್ನು ವೈರಸ್ಸಿನೊಳಗೆ ಸೇರಿಸಿ ಬ್ಯಾಕ್ಟೀರಿಯಾದ ತಟ್ಟೆಗೆ ಬಿಡುತ್ತಾರೆ. ವಂಶವಾಹಿ ಕೆಟ್ಟಿದ್ದರೆ ಮಾತ್ರ ತಟ್ಟೆಯಲ್ಲಿ ಚುಕ್ಕೆ ಕಾಣುತ್ತದೆ. ಚುಕ್ಕೆ ಎಣಿಸಿದರೆ ಹಾನಿಯ ಲೆಕ್ಕ ಸಿಗುತ್ತದೆ. ಮರಿ ಹುಟ್ಟುವವರೆಗೆ ಕಾಯಬೇಕಿಲ್ಲ. 2011ರಲ್ಲಿ ಓಇಸಿಡಿ ಸಂಸ್ಥೆ ಈ ವಿಧಾನಕ್ಕೆ 488ನೇ ಮಾರ್ಗಸೂಚಿ ಹೊರಡಿಸಿತು.

“ಮನುಷ್ಯರಲ್ಲಿ ಹೀಗೆ ಮಕ್ಕಳಿಗೆ ದಾಟಿದ್ದು ಸಾಬೀತಾಗಿದೆಯಾ?” ಎಂದು ನೀವು ಕೇಳಬಹುದು. ಯಾವ ರಾಸಾಯನಿಕದ ಬಗ್ಗೆಯೂ ಇನ್ನೂ ಹಾಗೆ ಖಚಿತವಾಗಿ ಸಾಬೀತಾಗಿಲ್ಲ, ನಿಜ. ಆದರೆ ಸಾಬೀತು ಮಾಡಲು ಯಾರ ಮಗು ಹುಟ್ಟುವವರೆಗೆ ಕಾಯಬೇಕು? ಆ ಪ್ರಶ್ನೆ ನಮಗೆ ಬರಬಾರದು ಅಂತಲೇ ಇಲಿಯ ಮೇಲೆ ಪರೀಕ್ಷೆ ಮಾಡಿದ್ದು.

ಮುಂದೆ ಬರಬಹುದಾದ ನಷ್ಟಕ್ಕೆ ಈಗಲೇ ಹಣ ತೆಗೆದಿಡಬೇಕು ಅಂತ ನಮ್ಮ ಅಕೌಂಟೆನ್ಸಿ ಪಾಠದಲ್ಲೇ ಇದೆ. ಅಂಗಡಿಯ ಲೆಕ್ಕದಲ್ಲಿ ಮುಳುಗುವ ಸಾಲಕ್ಕೆ ಕಲಂ ಇದೆ, ಹೊರುವವನ ಕೈಗವಸಿಗೆ ಇಲ್ಲ. ಆ ಖರ್ಚು ಸರಕಿನ ಬೆಲೆಯಲ್ಲೇ ಸೇರಲಿ. ಎಚ್ಚರಿಕೆಯ ಸಾಲು ತಮಿಳುನಾಡಿನಲ್ಲಿ ತಮಿಳಿನಲ್ಲಿ, ನಮ್ಮಲ್ಲಿ ಕನ್ನಡದಲ್ಲಿ ಅಚ್ಚಾಗಲಿ. ಓದು ಬಾರದವರಿಗೆ ಬಾಯಲ್ಲಿ ಹೇಳಲಿ.

ಗೆಳೆಯರೇ, ನಮ್ಮ ಸಂಘ ಕಥೆ, ಕವಿತೆ ಅನುವಾದಿಸುತ್ತದೆ. ಈ ಸಲ ಕಾಲೇಜಿನ ಪ್ರಯೋಗಾಲಯದ ಲೇಬಲ್‌ಗಳನ್ನೂ ಕನ್ನಡಕ್ಕೆ ತರೋಣವೇ? ಅಲ್ಲಿ ಬಾಟಲಿ ತೊಳೆಯುವ ಅಟೆಂಡರಣ್ಣನೂ ಇಂಗ್ಲಿಷ್ ಓದುವುದಿಲ್ಲ.